ಬಲಗಿವಿಯಿಂದ ಹೊರಟುಹೋದ ಹಾಡುಗಾರ್ತಿ

ಬೆಳಿಗ್ಗೆ ಎದ್ದಾಗ ನಿಮ್ಮ ಒಂದು ಕಿವಿ ಗಪ್ಪಂತ ಮುಚ್ಚಿಕೊಂಡಿದ್ದರೆ ಇದನ್ನು ಓದುವುದನ್ನು ಇಲ್ಲಿಗೇ ಬಿಟ್ಟು ಕಿವಿ ಡಾಕ್ಟರ ಹತ್ತಿರ ಓಡಿ. ಓದುವುದು ಆಮೇಲೂ ಆಗುತ್ತದೆ. ನಾನು ಓಡಲಿಲ್ಲ. ಆರು ದಿನ ನಮ್ಮಣ್ಣನ ಮೇಲೆ ಮುನಿಸಿಕೊಂಡು ಕೂತೆ. ಕೆಟ್ಟದ್ದು ನನ್ನ ಕಿವಿ, ಬೈಸಿಕೊಂಡಿದ್ದು ಅವನು. ಅದೂ ಎಂಥ ವಿಷಯಕ್ಕೆ ಅಂತೀರಿ? ಅರವತ್ತರ ದಶಕದ ಎರಡು ಇಂಗ್ಲಿಷ್ ಪಾಪ್ ಗ್ರಾಮಫೋನ್ ತಟ್ಟೆಗಳಲ್ಲಿ ಯಾವುದು ಮನಸ್ಸನ್ನು ಹೆಚ್ಚು ಕಲಕುತ್ತದೆ ಅನ್ನುವ ವಿಷಯಕ್ಕೆ!

ನಾನು ಗಿರಿಜಾ. ಬೇಲೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ತವರು ಅರಸೀಕೆರೆ. ಅಪ್ಪನದು ಕೊಬ್ಬರಿ ವ್ಯಾಪಾರ, ಈಗ ಆ ಮಂಡಿಯನ್ನು ಅಣ್ಣ ಬಸವರಾಜು ನೋಡಿಕೊಳ್ಳುತ್ತಾನೆ. ಕೊಬ್ಬರಿ ಮಂಡಿಯವರ ಮನೆಗೆ ಇಂಗ್ಲಿಷ್ ತಟ್ಟೆ ಹೇಗೆ ಬಂತು ಅಂದರೆ, ಅರಸೀಕೆರೆ ರೈಲ್ವೆ ಜಂಕ್ಷನ್ ಅಲ್ಲವೇ, ಸ್ಟೇಷನ್ ಕ್ವಾರ್ಟರ್ಸ್‌ನಲ್ಲಿದ್ದ ಆಂಗ್ಲೋ-ಇಂಡಿಯನ್ ಗಾರ್ಡ್ ಒಬ್ಬರು ಅಪ್ಪನ ಸ್ನೇಹಿತರಾಗಿದ್ದರು. ಅವರು ಮಕ್ಕಳಿದ್ದ ದೇಶಕ್ಕೆ ಹೊರಟಾಗ ಒಂದು ಪ್ಲೇಯರನ್ನೂ ಹದಿನಾಲ್ಕು ತಟ್ಟೆಗಳನ್ನೂ ತಂದು ನಮ್ಮ ಮನೆಯ ಪಡಸಾಲೆಯಲ್ಲಿ ಇಟ್ಟು ಹೋದರು. ಆಗ ನನಗೆ ಹತ್ತು ವರ್ಷ, ಅಣ್ಣನಿಗೆ ಹದಿಮೂರು. ಇಂಗ್ಲಿಷಿನಲ್ಲಿ ಅಕ್ಷರಮಾಲೆ ಬಿಟ್ಟು ಹೆಚ್ಚೇನೂ ಗೊತ್ತಿರಲಿಲ್ಲ. ಹಾಗಾಗಿ ಆ ತಟ್ಟೆಗಳಿಗೆ ನಾವೇ ಹೆಸರಿಟ್ಟೆವು. ಆರ್ಗನ್ ನುಡಿಸಿದ್ದ ಒಂದು ತಟ್ಟೆ ಕೇಳಿ ಅವ್ವ, ಥೇಟು ಮಠದ ಭಜನೆಯ ಹಾರ್ಮೋನಿಯಂ ಅಂದಳು, ಅದು ಭಜನೆ ತಟ್ಟೆಯಾಯಿತು. ಕೆಂಪು ರಟ್ಟಿನದು ಕೆಂಪಿ. ನೀಲಿ ರಟ್ಟಿನದು ನೀಲಿ.

ಕೆಂಪಿ ಅಣ್ಣನ ಪಕ್ಷ. ಗಿಟಾರು ಹಿಡಿದ ಹುಡುಗರ ತಂಡ, ಎಲ್ಲರೂ ಒಟ್ಟಿಗೆ ಕಿರುಚುತ್ತಾ ಶುರುಮಾಡುತ್ತಾರೆ. ಅದು ಮೊದಲು ಕಾಲಿಗೆ ಹತ್ತುತ್ತದೆ, ಆಮೇಲೆ ಸೊಂಟಕ್ಕೆ. ಮುಗಿಯುವಷ್ಟರಲ್ಲಿ ಮೈಯೆಲ್ಲ ಬೆಚ್ಚಗಾಗಿರುತ್ತದೆ. ನೀಲಿ ನನ್ನ ಪಕ್ಷ. ಒಬ್ಬಳೇ ಹೆಂಗಸು, ಹಿಂದೆ ಪಿಟೀಲುಗಳ ದಂಡು. ಅವಳು ಗಂಟಲಿಗೆ ಹಾಡುತ್ತಾಳೆ, ಅಂದರೆ ಕೇಳುವವರ ಗಂಟಲಿಗೆ. ತಟ್ಟೆಯ ಮೊದಲ ಮಗ್ಗುಲಲ್ಲಿ ಏನೂ ಆಗುವುದಿಲ್ಲ, ನಗುನಗುತ್ತಾ ಏನೋ ಹೇಳುತ್ತಿರುತ್ತಾಳೆ. ಎರಡನೇ ಮಗ್ಗುಲಿನ ಮೂರನೇ ಹಾಡಿಗೆ ನಗು ನಿಲ್ಲಿಸುತ್ತಾಳೆ ನೋಡಿ, ಅಲ್ಲಿ ನನ್ನ ಗಂಟಲು ಕಟ್ಟುತ್ತದೆ. ಕೆಂಪಿ ಕೇಳಿದ ಖುಷಿ ಕಾಫಿ ಕುಡಿಯುವಷ್ಟರಲ್ಲಿ ಇಳಿದುಹೋಗುತ್ತದೆ. ನೀಲಿ ಮಾರನೆಯ ದಿನ ಪಾತ್ರೆ ತೊಳೆಯುವಾಗಲೂ ಇರುತ್ತದೆ. ಇದು ನನ್ನ ವಾದ. ಅಣ್ಣನ ವಾದ ಬೇರೆ. "ಅಳ್ಸೋದು ಏನ್ ದೊಡ್ಡದು? ಈರುಳ್ಳೀನೂ ಅಳ್ಸುತ್ತೆ. ಮನ್ಸ ಎದ್ದು ಕುಣೀಬೇಕು ಕಣೇ, ಅದು ಹಾಡು" ಅನ್ನುತ್ತಾನೆ.

ನನ್ನ ಮದುವೆಯಾದ ಮೇಲೆ ಈ ಜಗಳಕ್ಕೆ ಒಂದು ದಿನ ನಿಗದಿಯಾಯಿತು. ಪ್ರತಿ ಗೌರಿ ಹಬ್ಬಕ್ಕೆ ತವರಿಗೆ ಹೋಗುತ್ತೇನೆ. ಬಾಗಿನ, ಸೀರೆ, ಒಬ್ಬಟ್ಟಿನ ಊಟ ಎಲ್ಲ ಮುಗಿದ ಮೇಲೆ ಪಡಸಾಲೆಯಲ್ಲಿ ತಟ್ಟೆಗಳ ಪಂದ್ಯ. ಒಂದು ಕೆಂಪಿ, ಒಂದು ನೀಲಿ. ತೀರ್ಪುಗಾರಳು ಅಣ್ಣನ ಹೆಂಡತಿ ಶಾಂತತ್ತಿಗೆ. ಯಾವ ತಟ್ಟೆಗೆ ಯಾರ ಕಣ್ಣಲ್ಲಿ ನೀರು ಬಂತು, ಯಾರ ತೋಳಿನ ರೋಮ ನಿಂತಿತು ಅಂತ ಕನ್ನಡಕ ಹಾಕಿಕೊಂಡು ತಪಾಸಣೆ ಮಾಡುತ್ತಾಳೆ. ಎದುರಾಳಿಗೆ ರೋಮಾಂಚನವಾದರೆ ಮಾತ್ರ ಗೆಲುವು. ಕೆಂಪಿಗೆ ನನ್ನ ಕಾಲು ಕುಣಿದದ್ದುಂಟು, ಆದರೆ ರೋಮ ನಿಂತದ್ದಿಲ್ಲ. ಅಣ್ಣನದಂತೂ ನೋಡುವ ಹಾಗೇ ಇಲ್ಲ. ಹಬ್ಬದ ದಿನ ಉದ್ದ ತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿ, "ನಂಗೇನೂ ಆಗಿಲ್ಲ, ನೋಡೋದೇನೈತೆ" ಅಂತ ಕೂತುಬಿಡುತ್ತಾನೆ. ಹೀಗೆ ಇಷ್ಟು ವರ್ಷವೂ ತೀರ್ಪು ಆಗಿರಲಿಲ್ಲ.

ಈ ಸಲದ ಹಬ್ಬದ ಬೆಳಿಗ್ಗೆ ತವರಿನಲ್ಲಿ ತಲೆಗೆ ನೀರು ಹಾಕಿಕೊಂಡು ಬಂದೆ. ಬಲಗಿವಿ ತುಂಬಿಕೊಂಡ ಹಾಗೆ ಅನಿಸಿತು. ನೀರು ಹೋಗಿರಬೇಕು ಅಂದುಕೊಂಡು ಒಂಟಿ ಕಾಲಲ್ಲಿ ಕುಪ್ಪಳಿಸಿದೆ. ಅತ್ತಿಗೆ ಬೆಚ್ಚಗಿನ ಎಣ್ಣೆ ಎರಡು ಹನಿ ಬಿಟ್ಟಳು. ಆಮೇಲೆ ಹಬ್ಬದ ಗಲಾಟೆಯಲ್ಲಿ ಮರೆತೇಬಿಟ್ಟೆ.

ಊಟವಾದ ಮೇಲೆ ಅಣ್ಣ ಒಂದು ಪೆಟ್ಟಿಗೆ ತಂದಿಟ್ಟ. ಹೊಸ ಪ್ಲೇಯರು! ಜೊತೆಗೆ ಎರಡೂ ಕಿವಿ ಮುಚ್ಚುವ ದಪ್ಪನೆಯ ಹೆಡ್‌ಫೋನು. "ಇಷ್ಟ್ ದಿನ ಅಪ್ಪನ ಡಬ್ಬೀಲಿ ಕೇಳಿದ್ದು ಕೇಳಿದ್ದೇ ಅಲ್ಲ. ಇದ್ರಲ್ಲಿ ಕೇಳು, ನಿನ್ ನೀಲಿ ಪಕ್ಕದಲ್ಲೇ ಕೂತ್ಕಂಡು ಹಾಡ್ತಾಳೆ" ಅಂದ. ನನಗೆ ಸಂತೋಷ ತಡೆಯಲಾಗಲಿಲ್ಲ. ಮೊದಲು ಕೆಂಪಿ ಹಾಕಿದ. ಹುಡುಗರೆಲ್ಲ ಒಟ್ಟಿಗೆ ಕಿರುಚಿದರು, ಒಬ್ಬರೂ ಬಾಕಿ ಇರಲಿಲ್ಲ. ಆಮೇಲೆ ನೀಲಿ. ಪಿಟೀಲು ಬಂತು, ಡ್ರಮ್ಮು ಬಂತು. ಹಾಡುಗಾರ್ತಿ ಬರಲಿಲ್ಲ.

"ಹಾಡೋಳೇ ಇಲ್ವಲ್ಲಣ್ಣ!"

"ಎಲ್ಲೇ ಹೋಗ್ತಾಳೆ? ಕೊಡಿಲ್ಲಿ" ಎಂದು ಅವನು ಹಾಕಿಕೊಂಡ. ತಲೆದೂಗಿದ. "ಹಾಡ್ತಾವ್ಳಲ್ಲೇ, ಚೆಂದಾಗೇ ಹಾಡ್ತಾವ್ಳೆ."

ನಾನು ಮತ್ತೆ ಹಾಕಿಕೊಂಡೆ. ಇಲ್ಲ. ಅವನು ಹಾಕಿಕೊಂಡರೆ ಇದ್ದಾಳೆ, ನಾನು ಹಾಕಿಕೊಂಡರೆ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು. ನನ್ನ ಲೆಕ್ಕ ನೋಡಿ, ಗಣಿತದ ಮೇಡಂ ಲೆಕ್ಕ: ಯಂತ್ರ ಒಂದೇ, ಹೆಡ್‌ಫೋನು ಒಂದೇ. ಕೆಂಪಿ ಪೂರ್ತಿ ಕೇಳುತ್ತದೆ, ನೀಲಿಯಲ್ಲಿ ಮಾತ್ರ ಹೆಂಗಸು ಮಾಯ. ಅಂದಮೇಲೆ ತಟ್ಟೆಯನ್ನೇ ಯಾರೋ ಹಾಳುಮಾಡಿದ್ದಾರೆ. ಹಾಳುಮಾಡಿದವನು ಎದುರಿಗೇ ಕೂತು ಕೇಳುತ್ತದೆ ಅಂತ ನಾಟಕ ಆಡುತ್ತಿದ್ದಾನೆ.

"ಗೆಲ್ಲಬೇಕು ಅಂತ ಇಂಥ ಕೆಲಸ ಮಾಡಿದ್ಯಾ? ಅಪ್ಪ ಇದ್ದಿದ್ರೆ ನಿಂಗೆ ಈ ಧೈರ್ಯ ಬರ್ತಿತ್ತಾ?" ಅಂದೆ.

ಅಣ್ಣನ ಮುಖ ಸಣ್ಣದಾಯಿತು. "ನಾನ್ಯಾಕೆ ಮಾಡ್ಲೇ ಗಿರೀ" ಅಂದ, ಅಷ್ಟೇ. ಅತ್ತಿಗೆ ಸಮಾಧಾನ ಮಾಡಲು ಬಂದಳು. ನಾನು ಸೀರೆ, ಒಬ್ಬಟ್ಟಿನ ಡಬ್ಬಿ ಎಲ್ಲ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.

ದಾರಿಯುದ್ದಕ್ಕೂ ಸೂಚನೆಗಳು ಬಂದವು, ನಾನೇ ನೋಡಲಿಲ್ಲ. ಅರಸೀಕೆರೆಯಲ್ಲೇ ಬಸ್ಸು ತುಂಬಿತ್ತು. ಕಂಡಕ್ಟರು ಬಲಗಡೆ ನಿಂತು ಆಧಾರ್ ಕಾರ್ಡ್ ತೋರಿಸಿ ಅಂತ ಎಷ್ಟು ಸಲ ಕೇಳಿದ್ದರೋ, ಕೊನೆಗೆ ಸೀಟು ತಟ್ಟಿ, "ಏನ್ ಮೇಡಂ, ಯೋಚ್ನೆ ಜೋರು" ಅಂದರು. ಜೋರಾಗಿ ಕೇಳಬಾರದಾ ಅಂತ ಅವರಿಗೇ ಗದರಿದೆ. ಮನೆಗೆ ಬಂದು ಬಲಗಿವಿಗೆ ಫೋನಿಟ್ಟರೆ ಸದ್ದೇ ಇಲ್ಲ. ಗಣಪತಿ ಹಬ್ಬ ಕಳೆದ ಮೇಲೆ ಫೋನನ್ನು ಅಂಗಡಿಗೆ ಕೊಂಡುಹೋದೆ. ಅಂಗಡಿಯವರು ಕಿವಿಗಿಟ್ಟು ನೋಡಿ, "ಸರಿಯಾಗೈತಲ್ಲ ಮೇಡಂ" ಅಂದರು. ಅವರಿಗೂ ಬೈದೆ. ತರಗತಿಯಲ್ಲಿ ಬಲಗಡೆಯ ಬೆಂಚಿನ ಹುಡುಗಿಗೆ ಉತ್ತರ ಹೇಳು ಅಂದೆ. "ಆಗ್ಲೇ ಹೇಳಿದ್ನಲ್ಲ ಮಿಸ್" ಅಂದಳು. ಬಾಯಲ್ಲಿ ಏನಿಟ್ಟುಕೊಂಡಿದ್ದೀ ಎಂದು ಅವಳನ್ನು ನಿಲ್ಲಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಊರಿನವರೆಲ್ಲ ಕೆಟ್ಟಿದ್ದಾರೆ, ನಾನೊಬ್ಬಳು ಸರಿ ಅನ್ನುವ ಹಾಗೆ ಐದು ದಿನ ಓಡಾಡಿದೆ.

ಆರನೆಯ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಅಣ್ಣ ಜಗಲಿಯಲ್ಲಿ ಕೂತಿದ್ದಾನೆ. ಒಂದು ಕಡೆ ಹೊಸ ಪ್ಲೇಯರಿನ ಪೆಟ್ಟಿಗೆ, ಇನ್ನೊಂದು ಕಡೆ ಒಣಗಿದ ತೆಂಗಿನಕಾಯಿಯ ಚೀಲ.

"ಶಾಂತ ನಂಗೆ ನೆಟ್ಟಗೆ ಮುದ್ದೆ ಇಕ್ತಿಲ್ಲ. ತಂಗೀನ ಹಬ್ಬದ ದಿನ ಅಳಿಸಿ ಕಳಿಸ್ದೆ ಅಂತಾಳೆ. ನಾನ್ ತಪ್ಪು ಮಾಡಿಲ್ಲ ಅಂತ ತೋರ್ಸಿ ಹೋಗ್ತೀನಿ. ಭಾವನ ಕೈಲೇ ಪರೀಕ್ಷೆ ಆಗ್ಲಿ" ಅಂದ.

ಭಾವ ಅಂದರೆ ನಮ್ಮ ಮನೆಯವರು, ಚಂದ್ರಶೇಖರ್. ಮಾದಿಹಳ್ಳಿ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಹಾಡಿಗೂ ಅವರಿಗೂ ಸಂಬಂಧವಿಲ್ಲ. ಊಟದ ಮೇಜಿನ ಮೇಲೆ ಅಣ್ಣ ಯಂತ್ರ ಜೋಡಿಸಿದ. ಇವರು ಹೆಡ್‌ಫೋನು ಹಾಕಿಕೊಂಡು ಕೇಳಿ, "ಯಾರೋ ಹೆಂಗಸು ಹಾಡ್ತಿದಾರೆ" ಅಂತ ಸಾಕ್ಷಿ ಹೇಳಿದರು. ಆಮೇಲೆ ಅದನ್ನು ತೆಗೆದು ತಾವೇ ನನ್ನ ತಲೆಗೆ ಸಿಕ್ಕಿಸಿದರು. ಎಡ ಯಾವುದು ಬಲ ಯಾವುದು ಅವರು ನೋಡಲಿಲ್ಲ.

"ಬಂದ್ಲು!" ಎಂದು ನಾನು ಕೂಗಿದೆ. ಕುರ್ಚಿಯಿಂದ ಎದ್ದೇಬಿಟ್ಟೆ. "ಅಣ್ಣಾ, ಬಂದ್ಲು! ಈಗ ಪಿಟೀಲು ಇಲ್ಲ, ಬರೀ ಅವಳೇ!"

ನನಗೆ ಎಷ್ಟು ಖುಷಿಯಾಯಿತೆಂದರೆ ಅವನನ್ನು ಕ್ಷಮಿಸಿಯೂಬಿಟ್ಟೆ. ಅಣ್ಣ ನಗಲಿಲ್ಲ. ಹತ್ತಿರ ಬಂದು ಹೆಡ್‌ಫೋನು ತೆಗೆದು ಹಿಂದುಮುಂದು ತಿರುಗಿಸಿ ಹಾಕಿದ. ಹಾಡುಗಾರ್ತಿ ಹೋದಳು, ಪಿಟೀಲು ಬಂತು. ಮತ್ತೆ ತಿರುಗಿಸಿದ. ಬಂದಳು. ಆ ಕಾಲದ ಕೆಲವು ತಟ್ಟೆಗಳಲ್ಲಿ ವಾದ್ಯವನ್ನೆಲ್ಲ ಒಂದು ಕಿವಿಗೂ ಹಾಡುವವರನ್ನು ಇನ್ನೊಂದು ಕಿವಿಗೂ ಹಂಚಿರುತ್ತಿದ್ದರಂತೆ. ಕೆಂಪಿಯಲ್ಲಿ ಹಾಗಿಲ್ಲ, ಎಲ್ಲ ಕಲಸಿ ಎರಡೂ ಕಿವಿಗೆ ಒಂದೇ ಸಮ ಬಡಿಸಿದ್ದಾರೆ. ಅಪ್ಪನ ಹಳೇ ಡಬ್ಬಿಗೆ ಇದ್ದದ್ದು ಒಂದೇ ಸ್ಪೀಕರು, ಅದಕ್ಕೇ ನಮಗೆ ಇದು ಇಷ್ಟು ವರ್ಷ ತಿಳಿದಿರಲಿಲ್ಲ.

ಅಣ್ಣ ಚೀಲದಿಂದ ಒಂದು ಒಣಕಾಯಿ ತೆಗೆದ. ಕೊಬ್ಬರಿಯವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಅನ್ನುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಅವನು ನನ್ನ ಹಿಂದೆ ನಿಂತು ಎಡಗಿವಿಯ ಪಕ್ಕ ಅಲ್ಲಾಡಿಸಿದ. ಲೊಟಲೊಟ.

"ಈಗ?"

"ಏನೀಗ? ಅಲ್ಲಾಡಿಸು."

"ಅಲ್ಲಾಡಿಸ್ತಾ ಇದೀನಿ ಕಣವ್ವಾ" ಅಂದ. ತಿರುಗಿ ನೋಡಿದೆ. ನನ್ನ ಬಲಗಿವಿಗೆ ತಾಗುವಷ್ಟು ಹತ್ತಿರ ಅವನ ಕೈ ಆಡುತ್ತಿತ್ತು. ನನಗೆ ಏನೇನೂ ಕೇಳುತ್ತಿರಲಿಲ್ಲ.

"ಭಾವ, ಕಾರ್ ತೆಗೀರಿ" ಅಂದ ಅಣ್ಣ.

ಹಾಸನಕ್ಕೆ ಹೋಗುವ ದಾರಿಯಲ್ಲಿ ನಾನು ಅಳಲಿಲ್ಲ, ಹಿಂದಿನ ಸೀಟಿನಲ್ಲಿ ಅಣ್ಣ ಅತ್ತ. ನನಗೆ ಇದ್ದದ್ದು ಶುದ್ಧ ಹೆದರಿಕೆ. ಇನ್ನೊಂದು ಕಿವಿಯೂ ಹೋದರೆ? ಪಾಠ ಹೇಗೆ ಮಾಡಲಿ? ಎರಡೂ ಹೋದರೆ ನೀಲಿಯನ್ನು ಎಲ್ಲಿಂದ ಕೇಳಲಿ? ಮನೆ, ಮಕ್ಕಳು, ನೌಕರಿ ಎಲ್ಲ ಇದ್ದೂ ಮನಸ್ಸು ಹೋಗಿ ನಿಂತದ್ದು ಆ ಹೆಂಗಸಿನ ಹತ್ತಿರ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಕಿವಿ ಆಸ್ಪತ್ರೆಯ ಕಾಯುವ ಕೋಣೆಯಷ್ಟು ಗದ್ದಲದ ಜಾಗ ಇನ್ನೊಂದಿಲ್ಲ. ಎಲ್ಲರೂ ಕೂಗಿಯೇ ಮಾತಾಡುವುದು. ನರ್ಸು ಹೆಸರು ಕರೆದರೆ ಕರೆಸಿಕೊಂಡವರನ್ನು ಬಿಟ್ಟು ಮಿಕ್ಕವರಿಗೆಲ್ಲ ಕೇಳುತ್ತದೆ, ಪಕ್ಕದವರು ತಟ್ಟಿ ಎಬ್ಬಿಸುತ್ತಾರೆ. ನನ್ನ ಪಕ್ಕ ಗಂಡಸಿ ಎಂಬ ಊರಿನಿಂದ ಬಂದ ಅಜ್ಜಿಯೊಬ್ಬರು ಕೂತಿದ್ದರು. ನನ್ನ ಮುಖ ನೋಡಿ ಎಷ್ಟು ಕಿವಿ ಅಂತ ಬೆರಳಲ್ಲಿ ಕೇಳಿದರು. ಒಂದು ಅಂತ ತೋರಿಸಿದೆ. "ಅಯ್ಯೋ ಒಂದ್ ತಾನೆ ಬಿಡವ್ವ, ಮನೇಲಿ ಬೈಗುಳ ಅರ್ಧ ಕಮ್ಮಿ ಆಯ್ತದೆ" ಅಂದು, ಮಡಿಲಿನಿಂದ ಹುರಿಗಡಲೆ ತೆಗೆದು ಕೈಗೆ ಹಾಕಿದರು. ಬೆಳಿಗ್ಗೆಯಿಂದ ನಾನು ನಕ್ಕದ್ದು ಅದೇ ಮೊದಲು.

ಪರೀಕ್ಷೆಗೆ ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಎಡಗಿವಿಗೆ ಪಟಪಟ ಒತ್ತಿದೆ. ಬಲಗಿವಿ ಬಂತು. ನಿಶ್ಶಬ್ದ. ಕಿಟಕಿಯಾಚೆ ಪರೀಕ್ಷೆ ಮಾಡುವ ಹುಡುಗಿ ಏನೋ ತಿರುಗಿಸುವುದು ಕಾಣುತ್ತಿತ್ತು. ಅವಳ ಕೈ ಆಡಿದಾಗೆಲ್ಲ ಒತ್ತಿದೆ! ಇಪ್ಪತ್ತೆಂಟು ವರ್ಷ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದವಳು ನಾನು. ಹುಡುಗಿ ಬಾಗಿಲು ತೆರೆದು, "ಮೇಡಂ, ಕೇಳಿಸಿದಾಗ ಮಾತ್ರ ಒತ್ತಿ. ಈಗ ನಾನು ಏನೂ ಹಾಕಿರಲಿಲ್ಲ" ಅಂದಳು. ಅಲ್ಲಿ ಅಳು ಬಂತು. ಸೊನ್ನೆ ಅಂಕ ನನಗೆ ಅಭ್ಯಾಸವಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಳಕಿವಿಗೆ ಇದ್ದಕ್ಕಿದ್ದಂತೆ ಹೀಗೆ ಆಗುವುದುಂಟು, ಬಹಳ ಸಲ ಕಾರಣ ತಿಳಿಯುವುದಿಲ್ಲ ಅಂದರು. "ತಡ ಮಾಡಿದೀರಿ. ಆದರೆ ತೀರಾ ತಡ ಅಲ್ಲ. ಮಾತ್ರೆ ಇವತ್ತೇ ಶುರುಮಾಡೋಣ. ವಾರಕ್ಕೊಂದು ಇಂಜೆಕ್ಷನ್, ಮೂರು ವಾರ."

"ಪೂರ್ತಿ ವಾಪಸ್ ಬರುತ್ತಾ?"

"ಪೂರ್ತಿ ಬರಬಹುದು, ಅರ್ಧ ಬರಬಹುದು, ಬರದೇನೂ ಇರಬಹುದು ಮೇಡಂ. ಈಗಲೇ ಹೇಳೋಕಾಗಲ್ಲ."

ಹೀಗೆ ಉತ್ತರ ಬರೆದರೆ ನಾನು ಅರ್ಧ ಅಂಕವನ್ನೂ ಕೊಡುವುದಿಲ್ಲ ಅಂದುಬಿಟ್ಟೆ. ಅವರು ಜೋರಾಗಿ ನಕ್ಕರು. ಸ್ಕ್ಯಾನಿಂಗ್ ಮಾಡಿಸಿದರು, ತಲೆಯಲ್ಲಿ ಬೇರೇನೂ ಇಲ್ಲ ಅಂತ ಬಂತು. ಆ ವರದಿ ಬರುವವರೆಗೆ ನಮ್ಮ ಮನೆಯವರು ಒಂದು ತುತ್ತು ಅನ್ನ ತಿನ್ನಲಿಲ್ಲ, ಅದು ನನಗೆ ಆಮೇಲೆ ಗೊತ್ತಾಯಿತು.

ಮಾತ್ರೆಯ ವಿಷಯ ಹೇಳಲೇಬೇಕು. ಅದು ಸ್ಟೀರಾಯ್ಡ್. ಮೈಯಲ್ಲಿ ಏನು ಹುರುಪು ಅಂತೀರಿ! ಒಂದೇ ದಿನದಲ್ಲಿ ಮೂರು ತರಗತಿಯ ಉತ್ತರಪತ್ರಿಕೆ ತಿದ್ದಿದೆ. ಅಟ್ಟ ಒರೆಸಿದೆ, ಕೋಡುಬಳೆ ಕರಿದೆ, ಕರಿದದ್ದರಲ್ಲಿ ಮುಕ್ಕಾಲು ನಾನೇ ತಿಂದೆ. ಮುಖ ಊದಿಕೊಂಡಿತು. ಎದೆ ಸುಮ್ಮಸುಮ್ಮನೆ ಡವಗುಟ್ಟುತ್ತಿತ್ತು. ಬಲಗಿವಿಯಲ್ಲಿ ಕುಯ್ಯೋ ಅನ್ನುವ ಸದ್ದು ಬೇರೆ, ಹೊರಗಿನದು ಕೇಳದ ಕಿವಿ ತಾನೇ ಒಂದು ಸದ್ದು ಹುಟ್ಟಿಸಿಕೊಂಡು ಕೂತಿತ್ತು. ಅಣ್ಣ ಯಂತ್ರವನ್ನೂ ಎರಡೂ ತಟ್ಟೆಯನ್ನೂ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದ. ಡಾಕ್ಟರನ್ನು ಕೇಳಿ, ಸದ್ದು ಸಣ್ಣಗಿಟ್ಟು ದಿನಕ್ಕೊಂದು ಮಗ್ಗುಲು ಕೇಳತೊಡಗಿದೆ.

ಹೆಡ್‌ಫೋನು ತಿರುಗಿಸಿ ಹಾಕಿಕೊಂಡು ನೀಲಿಯನ್ನು ಕೇಳಬಹುದಿತ್ತು. ಹಟ ನೋಡಿ, ಸರಿಯಾಗಿಯೇ ಹಾಕಿಕೊಂಡೆ. ಅವಳಿಲ್ಲದ ನೀಲಿ. ನಾಲ್ಕನೆಯ ದಿನ ಎರಡನೇ ಮಗ್ಗುಲಿನ ಮೂರನೇ ಹಾಡಿನಲ್ಲಿ ಏನೋ ಕೇಳಿಸಿತು. ತಂತಿಯ ದಪ್ಪ ಸ್ವರ, ಯಾರೋ ಒಬ್ಬ ಹಿಂದೆ ನಿಂತು ನಿಧಾನ ಮೀಟುತ್ತಿದ್ದಾನೆ. ಅವಳು ನಗು ನಿಲ್ಲಿಸುವ ಜಾಗಕ್ಕೆ ಮುಂಚೆಯೇ ಅವನು ಒಂದು ಸ್ವರ ಕೆಳಗಿಳಿಯುತ್ತಾನೆ! ಅವಳನ್ನು ಅಳಿಸುತ್ತಿದ್ದದ್ದೇ ಅವನು. ನಲವತ್ತು ವರ್ಷ ಕೇಳಿದ್ದೇನೆ, ಒಂದು ಸಲವಾದರೂ ಅವನನ್ನು ಕೇಳಿರಲಿಲ್ಲ. ತೋಳು ನೋಡಿಕೊಂಡೆ, ರೋಮವೆಲ್ಲ ನಿಂತಿತ್ತು. ಅಣ್ಣನಿಗೆ ಫೋನ್ ಮಾಡಿ ಕಿರುಚಿ ಹೇಳಿದೆ. ಅವನು ಮಂಡಿಯಲ್ಲಿ ವ್ಯಾಪಾರ ಬಿಟ್ಟು ಅರ್ಧ ಗಂಟೆ ಅದನ್ನೇ ಕೇಳಿಸಿಕೊಂಡ.

ಇನ್ನೊಂದು ಸತ್ಯವನ್ನೂ ಹೇಳುತ್ತೇನೆ, ಅಣ್ಣ ಓದಿದರೆ ಓದಲಿ. ಆ ಮೂರು ವಾರ ನನ್ನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿದ್ದು ಕೆಂಪಿ. ಒಂದೇ ಕಿವಿಗೂ ಪೂರ್ತಿ ಸಿಗುತ್ತಾಳೆ, ನಿನಗೆ ಅರ್ಧ ಸಾಕು ಅನ್ನುವುದಿಲ್ಲ. ಅಳಿಸುವ ತಟ್ಟೆ ಮೈ ಗಟ್ಟಿ ಇರುವವರಿಗೆ ಅನಿಸಿತು. ಅತ್ತು ಎದ್ದು ಹೋಗಲು ಅವರಿಗೆ ಬೇರೆ ಕೆಲಸವಿರುತ್ತದೆ. ಹೆದರಿಕೆಯಲ್ಲಿ ಕೂತವರಿಗೆ ಕಾಲು ಕುಣಿಸುವವರು ಬೇಕು. ಕೆಂಪಿ ಹಾಕಿಕೊಂಡು ದೋಸೆ ಹುಯ್ಯುತ್ತಿದ್ದೆ, ಇವರು ಡೇರಿಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ನನ್ನ ಕುಣಿತ ನೋಡಿ ನಗುತ್ತಿದ್ದರು.

ಇಂಜೆಕ್ಷನ್ ಕಿವಿಯ ತಮಟೆಯೊಳಗೇ ಚುಚ್ಚುವುದು. ನೋವು ಒಂದು ಕ್ಷಣದ್ದು, ಆಮೇಲೆ ತಲೆ ಗಿರ್ರನೆ ತಿರುಗುತ್ತದೆ. ಅದೂ ಪರವಾಗಿಲ್ಲ. ಕಷ್ಟ ಬೇರೆ ಇತ್ತು: ಅರ್ಧ ಗಂಟೆ ಮಗ್ಗುಲಾಗಿ ಮಲಗಿರಬೇಕು, ಉಗುಳು ನುಂಗಬಾರದು, ಮಾತಾಡಬಾರದು! ನಾನು ಅರ್ಧ ಗಂಟೆ ಮಾತಾಡಬಾರದು ಎಂದಾಗ ನಮ್ಮ ಮನೆಯವರು ಡಾಕ್ಟರಿಗೆ ಕೈಮುಗಿದರು.

ಮೂರು ವಾರವೂ ಅಣ್ಣ ಮಂಡಿ ಬಿಟ್ಟು ಅರಸೀಕೆರೆಯಿಂದ ಬಂದ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ದಿಂಬಿಗೊತ್ತಿದ ನನ್ನ ಎಡಗಿವಿಗೆ ಕೇಳಲೆಂದು ಬಾಗಿ ಕೂರುತ್ತಿದ್ದ. ಮೊದಲ ಎರಡು ವಾರ ಕೆಂಪಿ ಯಾಕೆ ದೊಡ್ಡದು ಅಂತ ಭಾಷಣ. ಎದುರಾಡುವವರಿಲ್ಲ! ನಾನು ಕಣ್ಣಲ್ಲೇ ಉರಿದುಬಿದ್ದೆ. ಮೂರನೆಯ ವಾರ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಆಮೇಲೆ ಮೆಲ್ಲಗೆ ಶುರುಮಾಡಿದ.

"ನಿನ್ ಮದ್ವೆ ಮಾಡಿ ಬೇಲೂರಿಗೆ ಕಳಿಸ್ದ ವಾರ, ಅಪ್ಪ ನೀಲಿ ಹಾಕೋ ಅಂದ್ರು. ಹಾಕ್ದೆ. ಮನೇಲಿ ನೀನಿಲ್ಲ, ಅವ್ಳು ಮಾತ್ರ ಹಾಡ್ತಾವ್ಳೆ. ಕೊಬ್ರಿ ಮೂಟೆ ಹಿಂದ್ಗಡೆ ಹೋಗಿ ಅತ್ತೆ ಕಣೇ. ಅವತ್ತಿಂದ ಆ ತಟ್ಟೆ ಹಾಕುದ್ರೆ ನಂಗೆ ರೋಮ ನಿಲ್ದೇ ಇದ್ದ ದಿನಾನೇ ಇಲ್ಲ. ಅದಕ್ಕೇ ಉದ್ದ ತೋಳಿನ ಅಂಗಿ ಹಾಕ್ಕಂತೀನಿ."

ನಾನು ಏಳಲು ಹೋದೆ. "ಅಲ್ಲಾಡ್ಬೇಡ, ಮದ್ದು ಚೆಲ್ತದೆ" ಎಂದು ಭುಜ ಒತ್ತಿ ಹಿಡಿದ. "ಸೋತೆ ಅಂದ್ರೆ ಮುಂದ್ಲ ವರ್ಷ ಜಗಳ ಆಡಕ್ಕೆ ನೀನು ಬರ್ತೀಯೋ ಇಲ್ವೋ ಅಂತ."

ಬಾಯಿ ತುಂಬ ಬೈಗುಳ ಇತ್ತು, ತೆರೆಯುವ ಹಾಗಿರಲಿಲ್ಲ. ಅವನ ಕೈ ಹಿಡಿದುಕೊಂಡು ಕಣ್ಣೀರು ಸುರಿಸಿದೆ. ನರ್ಸು ಬಂದು ನೋವಾಗ್ತಿದೆಯಾ ಅಂದರು. ಇಲ್ಲ ಅಂತ ತಲೆಯಾಡಿಸುವ ಹಾಗೂ ಇರಲಿಲ್ಲ.

ಹತ್ತು ದಿನ ಬಿಟ್ಟು ಕಡೆಯ ಪರೀಕ್ಷೆ. ಇವರು, ಅಣ್ಣ, ಅತ್ತಿಗೆ, ಮೂವರೂ ಗಾಜಿನ ಕೋಣೆಯ ಹೊರಗೆ ನಿಂತಿದ್ದರು. ಈ ಸಲ ಹುಡುಗಿಯ ಕೈ ಕಾಣದ ಹಾಗೆ ಕಣ್ಣು ಮುಚ್ಚಿಕೊಂಡೆ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ದಪ್ಪನೆಯ ಒಂದು ಗುಯ್, ಬಲಗಡೆಯಿಂದ! ಒತ್ತಿದೆ. ಇನ್ನೊಂದು. ಒತ್ತಿದೆ. ಸ್ವರ ಮೇಲೆ ಹೋದ ಹಾಗೆ ಸಣ್ಣಗಾಯಿತು, ಮಸುಕಾಯಿತು, ಆಮೇಲೆ ಇಲ್ಲವಾಯಿತು. ಇಲ್ಲದ್ದಕ್ಕೆ ನಾನು ಒತ್ತಲಿಲ್ಲ.

"ತಗ್ಗಿನ ಸ್ವರ ಹೆಚ್ಚುಕಡಿಮೆ ವಾಪಸ್ ಬಂದಿದೆ, ಮಧ್ಯದ್ದು ಅರ್ಧ ಬಂದಿದೆ. ಮೇಲಿನದು ಇನ್ನು ಬರೋದು ಕಷ್ಟ. ಕುಯ್ಯೋ ಸದ್ದು ಇರುತ್ತೆ, ನೀವೇ ಅದನ್ನ ಮರೀತೀರಿ" ಅಂದರು ಡಾಕ್ಟರು. ಅರ್ಧ! ನಾನು ಅವರಿಗೆ ಪೂರ್ತಿ ಅಂಕ ಕೊಟ್ಟೆ. ಅತ್ತಿಗೆ ಅಲ್ಲೇ ಎಲ್ಲರೆದುರು ನನಗೆ ದೃಷ್ಟಿ ತೆಗೆದಳು.

ಎಲ್ಲರೂ ಬೇಲೂರಿನ ಮನೆಗೆ ಬಂದೆವು. ಚಪ್ಪಲಿ ಬಿಟ್ಟವಳೇ ನೀಲಿಯನ್ನು ಯಂತ್ರಕ್ಕೆ ಹಾಕಿದೆ, ಎರಡನೇ ಮಗ್ಗುಲಿನ ಮೂರನೇ ಹಾಡು. ಹೆಡ್‌ಫೋನಿನ ಎಡ ಎಡಕ್ಕೆ, ಬಲ ಬಲಕ್ಕೆ. ಪಿಟೀಲು ಶುರುವಾಯಿತು. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೀಟುವವನೂ ಬಂದ. ಬಲಗಡೆ ಏನೂ ಇಲ್ಲ. ಏನೂ ಇಲ್ಲ. ಆಮೇಲೆ, ಬಂದಳು.

ತೆಳ್ಳಗೆ, ದೂರದಿಂದ. ಗಂಟಲಿನ ಮೇಲಿನ ಹೊಳಪೆಲ್ಲ ಹೋಗಿತ್ತು. ಸ್ವರವೂ ಸರಿಯಿರಲಿಲ್ಲ, ನನ್ನ ಪೆಟ್ಟು ತಿಂದ ಕಿವಿಯಲ್ಲಿ ಅವಳು ಒಂದು ಕೂದಲಷ್ಟು ಇಳಿದು ಹಾಡುತ್ತಿದ್ದಳು. ಅಂಥ ಹಾಡುಗಾರ್ತಿ ಬೇಸೂರಾಗಿದ್ದಳು. ನಾನು ಗಳಗಳ ಅತ್ತುಬಿಟ್ಟೆ.

ಅಣ್ಣ ನನ್ನ ಕಿವಿಯಿಂದ ಹೆಡ್‌ಫೋನು ಸರಿಸಿ, "ಬಂದ್ಲೇನೇ?" ಅಂದ. ಹೂಂ ಅಂದೆ. ಅವನು ಅತ್ತಿಗೆಯ ಕಡೆ ತಿರುಗಿ, "ನೋಡ್ಕಳೇ, ತೀರ್ಪು ಆಯ್ತು. ನೀಲೀನೇ ಗೆದ್ಲು. ನಾನ್ ಒಪ್ಕಂಡೆ" ಅಂದ.

ನನಗೆ ಎಲ್ಲಿತ್ತೋ ಸಿಟ್ಟು! "ಏನ್ ಗೆದ್ದಿದ್ದು? ನಾನ್ ಅತ್ತಿದ್ದು ಹಾಡಿಗಲ್ಲ ಕಣಣ್ಣ, ಕಿವಿಗೆ! ಅಯ್ಯೋ ಪಾಪ ಅಂತ ಕೊಡೋ ಗೆಲುವು ನಿನ್ ಹತ್ರಾನೇ ಇಟ್ಕೊ. ಮೊದಲಿಂದ ಹಾಕು!"

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಹಬ್ಬದ ದಿನದಿಂದ ಕಾಣದಿದ್ದ ನಗು ಅವನ ಮುಖಕ್ಕೆ ಬಂತು. ಪ್ಲೇಯರಿನ ಮುಳ್ಳು ಎತ್ತಿ ಮತ್ತೆ ಹಾಡಿನ ಮೊದಲಿಗೆ ಇಟ್ಟ.

ಹೆಡ್‌ಫೋನು ಮತ್ತೆ ಕಿವಿಗೆ ಸರಿಸಿಕೊಂಡೆ, ಈ ಸಲ ನಾನು ಸಿದ್ಧವಾಗಿದ್ದೆ. ಅವಳು ಬಂದಳು, ಅಷ್ಟೇ ತೆಳ್ಳಗೆ, ಅಷ್ಟೇ ಇಳಿದು. ನಾನು ಬಾಯಿ ಬಿಟ್ಟು ಅವಳ ಜೊತೆ ಹಾಡಿದೆ. ಅವಳು ಜಾರಿದ ಕಡೆಯೆಲ್ಲ ನಾನು ಸರಿಯಾದ ಸ್ವರ ಹಿಡಿದೆ.